ಜಿಪಿಎಸ್ ನಿಮ್ಮ ದಾರಿಯನ್ನೇ ಹಿಡಿಯಬೇಕಾದರೆ: ಬೈಕ್ ಸವಾರರಿಗೆ ಒಂದು ಮಾರ್ಗದರ್ಶಿ

ಚಿಕ್ಕಮಗಳೂರಿನಿಂದ ಹೊರಟು ಆಲ್ದೂರು, ಬಾಳೆಹೊನ್ನೂರು, ಕಳಸ. ಅಲ್ಲಿಂದ ಕುದುರೆಮುಖದ ಕಾಡಿನ ರಸ್ತೆ, ಎಸ್.ಕೆ. ಬಾರ್ಡರ್, ಕೆರೆಕಟ್ಟೆ, ಶೃಂಗೇರಿ, ಕೊನೆಗೆ ಆಗುಂಬೆ. ಮಲೆನಾಡಿನಲ್ಲಿ ಒಂದು ದಿನ ಬೈಕ್ ಓಡಿಸಲು ಇದಕ್ಕಿಂತ ಒಳ್ಳೆಯ ದಾರಿ ಸಿಗುವುದು ಕಷ್ಟ. ಇದನ್ನು ಕಂಪ್ಯೂಟರಿನಲ್ಲಿ ಕೂತು ಗೆರೆ ಎಳೆದು ಸಿದ್ಧ ಮಾಡುತ್ತೀರಿ. ಜಿಪಿಎಸ್‌ಗೆ ಹಾಕುತ್ತೀರಿ. ಬಾಳೆಹೊನ್ನೂರಿಗೆ ಬಂದಾಗ ಅದು ಕಳಸದ ಹೆಸರೇ ಎತ್ತದೆ, ಜಯಪುರದ ಮೇಲೆ ನೇರ ಶೃಂಗೇರಿಗೆ ಹೋಗಿ ಎನ್ನುತ್ತದೆ.

ಇದು ಉಪಕರಣ ಕೆಟ್ಟಿರುವುದರ ಲಕ್ಷಣ ಅಲ್ಲ. ನೀವು ಎಳೆದ ಗೆರೆ ಅದಕ್ಕೆ ತಲುಪಿಯೇ ಇಲ್ಲ. ಅದಕ್ಕೆ ಸಿಕ್ಕಿದ್ದು ಕೆಲವು ಬಿಂದುಗಳು ಮಾತ್ರ. ಬಿಂದುವಿನಿಂದ ಬಿಂದುವಿಗೆ ಹೇಗೆ ಹೋಗಬೇಕು ಅನ್ನುವುದನ್ನು ಅದು ತನ್ನ ಮ್ಯಾಪ್, ತನ್ನ ಸೆಟ್ಟಿಂಗ್ ನೋಡಿ ತಾನೇ ಲೆಕ್ಕ ಹಾಕುತ್ತದೆ. ಹಾಗಾಗಿ ನಮ್ಮ ಕೆಲಸ ಇಷ್ಟೇ: ಅದಕ್ಕೆ ಬೇರೆ ದಾರಿ ಆರಿಸಲು ಅವಕಾಶವೇ ಇಲ್ಲದಂತೆ ಬಿಂದುಗಳನ್ನು ಇಡುವುದು. ಮುಂದೆ ಹೇಳುವುದೆಲ್ಲ ಅದಕ್ಕಾಗಿಯೇ.

ಉದಾಹರಣೆಗೆ ಗಾರ್ಮಿನ್ ಝೂಮೊ ಎಕ್ಸ್‌ಟಿಯನ್ನು ಇಟ್ಟುಕೊಂಡಿದ್ದೇನೆ. ಬೈಕಿಗೆಂದೇ ಮಾಡಿದ ಜಿಪಿಎಸ್‌ಗಳಲ್ಲಿ ನಮ್ಮ ಕಡೆ ಜಾಸ್ತಿ ಕಾಣುವುದು ಅದೇ. ಬೇರೆ ಕಂಪನಿಯದಾದರೆ ಮೆನು ಹೆಸರು ಬದಲಾಗಬಹುದು, ಆದರೆ ಒಳಗಿನ ಲೆಕ್ಕ ಬಹುಪಾಲು ಹೀಗೇ ಇರುತ್ತದೆ. ಫೋನ್ ಬಳಸುವವರಿಗೆ ಕೊನೆಯ ಕಡೆ ಬೇರೆ ಬರೆದಿದ್ದೇನೆ, ಆದರೆ ಬಿಂದುಗಳ ಭಾಗವನ್ನು ಅವರೂ ಓದಲೇಬೇಕು.

ಮೊದಲು: ರೂಟ್ ಮತ್ತು ಟ್ರ್ಯಾಕ್

ದಾರಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಎಲ್ಲರೂ ಬಳಸುವುದು ಜಿಪಿಎಕ್ಸ್ ಫೈಲ್. ಇದು ಯಾವ ಕಂಪನಿಗೂ ಸೇರದ, ಎಲ್ಲ ಉಪಕರಣಕ್ಕೂ ಅರ್ಥವಾಗುವ ಸಾದಾ ಬರಹದ ಫೈಲ್. ಈಗ ಬಳಕೆಯಲ್ಲಿರುವ 1.1 ಆವೃತ್ತಿ 2004ರದು. ಇದರೊಳಗೆ ಮೂರು ಬಗೆಯ ಮಾಹಿತಿ ಇರಬಹುದು: ಬಿಡಿ ಜಾಗಗಳು, ರೂಟ್, ಟ್ರ್ಯಾಕ್.

ಬಿಡಿ ಜಾಗ ಅಂದರೆ ಪೆಟ್ರೋಲ್ ಬಂಕ್, ಹೋಟೆಲ್, ಹೋಮ್‌ಸ್ಟೇ ತರಹದ ಗುರುತು. ಅದರಲ್ಲಿ ತೊಂದರೆ ಏನೂ ಇಲ್ಲ.

ರೂಟ್‌ನಲ್ಲಿ ಇರುವುದು ಕೆಲವೇ ಬಿಂದುಗಳು. ಅವುಗಳ ನಡುವಿನ ರಸ್ತೆಯನ್ನು ಉಪಕರಣ ಲೆಕ್ಕ ಹಾಕುತ್ತದೆ. ಅದಕ್ಕೇ ಅದು "300 ಮೀಟರ್ ಮುಂದೆ ಎಡಕ್ಕೆ ತಿರುಗಿ" ಅಂತ ಹೇಳಬಲ್ಲದು. ಅದಕ್ಕೇ ನಿಮ್ಮ ದಾರಿಯನ್ನು ಬದಲಾಯಿಸಲೂಬಲ್ಲದು.

ಟ್ರ್ಯಾಕ್‌ನಲ್ಲಿ ಸಾವಿರಾರು ಬಿಂದುಗಳು ಒತ್ತೊತ್ತಾಗಿ ಇರುತ್ತವೆ. ಮ್ಯಾಪ್ ಮೇಲೆ ಅದು ಎಳೆದಿಟ್ಟ ಗೆರೆಯಾಗಿ ಕಾಣುತ್ತದೆ. ಉಪಕರಣ ಅದನ್ನು ಲೆಕ್ಕ ಹಾಕುವುದಿಲ್ಲ, ಬದಲಾಯಿಸುವುದೂ ಇಲ್ಲ. ಆದರೆ ತಿರುವು ಬಂದಾಗ ಬಾಯಿ ಬಿಟ್ಟು ಹೇಳುವುದೂ ಇಲ್ಲ.

ನನ್ನ ಮಾತು ಕೇಳುವುದಾದರೆ ಎರಡನ್ನೂ ಹಾಕಿಕೊಳ್ಳಿ. ಒಂದೇ ದಾರಿಯನ್ನು ರೂಟ್ ಆಗಿಯೂ ಟ್ರ್ಯಾಕ್ ಆಗಿಯೂ ಉಳಿಸಿ, ಎರಡನ್ನೂ ಉಪಕರಣಕ್ಕೆ ಕಳಿಸಿ. ಟ್ರ್ಯಾಕ್‌ಗೆ ಎದ್ದು ಕಾಣುವ ಬೇರೆ ಬಣ್ಣ ಕೊಟ್ಟು ಮ್ಯಾಪ್ ಮೇಲೆ ತೋರಿಸುವಂತೆ ಇಡಿ. ರೂಟ್ ದಾರಿ ಹೇಳುತ್ತಾ ಹೋಗುತ್ತದೆ, ಟ್ರ್ಯಾಕ್ ಸಾಕ್ಷಿಯಾಗಿ ಕೆಳಗೆ ಇರುತ್ತದೆ. ಎರಡು ಗೆರೆಗಳೂ ಒಂದರ ಮೇಲೊಂದು ಇರುವವರೆಗೆ ನೀವು ಸರಿಯಾಗಿದ್ದೀರಿ. ಬೇರೆಯಾದವು ಅಂದರೆ ಉಪಕರಣ ತನ್ನ ಬುದ್ಧಿ ಓಡಿಸಿದೆ ಅಂತ ಅರ್ಥ. ಆಗ ನಂಬಬೇಕಾದ್ದು ಟ್ರ್ಯಾಕನ್ನು. ಈ ಇಡೀ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಬಿಂದು ಇಡುವ ಕೆಲಸ

ಒಳ್ಳೆಯ ರೂಟ್ ಹುಟ್ಟುವುದು ಇಲ್ಲಿ. ಇದಕ್ಕೆ ಸಮಯ ಕೊಡಿ.

ರೂಟ್‌ನಲ್ಲಿ ಎರಡು ಬಗೆಯ ಬಿಂದುಗಳಿವೆ. ಒಂದು ವಯಾ ಪಾಯಿಂಟ್. ಇದು ನೀವು ನಿಜವಾಗಿ ನಿಲ್ಲುವ ಜಾಗ: ತಿಂಡಿಗೆ, ಊಟಕ್ಕೆ, ಪೆಟ್ರೋಲಿಗೆ, ರಾತ್ರಿ ತಂಗಲು. ಹತ್ತಿರ ಬಂದಾಗ ಉಪಕರಣ ತಿಳಿಸುತ್ತದೆ. ಅಲ್ಲಿಗೆ ಹೋಗದೆ ಮುಂದೆ ಹೋದರೆ ಸುಮ್ಮನಿರುವುದಿಲ್ಲ, ಅಲ್ಲಿಗೇ ವಾಪಸ್ ಕರೆದೊಯ್ಯಲು ನೋಡುತ್ತದೆ. ಅದನ್ನು ಬಿಡಿಸಬೇಕಾದರೆ ನೀವೇ ಸ್ಕಿಪ್ ಒತ್ತಬೇಕು.

ಇನ್ನೊಂದು ಶೇಪಿಂಗ್ ಪಾಯಿಂಟ್. ಇದು ದಾರಿಯನ್ನು ಬೇಕಾದ ರಸ್ತೆಯ ಮೇಲೆ ಹಿಡಿದಿಡುವುದಕ್ಕೆ ಮಾತ್ರ. ಹತ್ತಿರ ಬಂದರೂ ಏನೂ ಹೇಳುವುದಿಲ್ಲ. ಅದನ್ನು ತಪ್ಪಿಸಿ ನೀವು ಮುಂದೆ ಎಲ್ಲೋ ಮತ್ತೆ ರೂಟ್‌ಗೆ ಸೇರಿಕೊಂಡರೆ ಅದನ್ನು ಕೈಬಿಟ್ಟು ಮುಂದುವರಿಯುತ್ತದೆ.

ನಿಲ್ಲುವ ಜಾಗಗಳು ಮಾತ್ರ ವಯಾ ಆಗಿರಲಿ. ಉಳಿದದ್ದೆಲ್ಲ ಶೇಪಿಂಗ್. ಅನೇಕ ಸಾಫ್ಟ್‌ವೇರ್‌ಗಳಲ್ಲಿ ನೀವು ಕ್ಲಿಕ್ ಮಾಡಿದ ಪ್ರತಿ ಬಿಂದುವೂ ತಾನಾಗಿಯೇ ವಯಾ ಆಗಿಬಿಡುತ್ತದೆ, ಅದನ್ನು ಬದಲಾಯಿಸಬೇಕು. ಗಾರ್ಮಿನ್ ಬೇಸ್‌ಕ್ಯಾಂಪ್‌ನಲ್ಲಿ ರೂಟ್ ತೆರೆದು ಬಿಂದುವಿನ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಡೋಂಟ್ ಅಲರ್ಟ್ ಆನ್ ಅರೈವಲ್' ಎಂಬ ಆಯ್ಕೆ ಸಿಗುತ್ತದೆ. ಅದನ್ನು ಆರಿಸಿದರೆ ಬಿಂದು ಶೇಪಿಂಗ್ ಆಗುತ್ತದೆ.

ಈಗ ಎಲ್ಲಿ ಇಡಬೇಕು ಅನ್ನುವ ಪ್ರಶ್ನೆ. ನಮ್ಮ ಕುದುರೆಮುಖದ ದಾರಿಯನ್ನೇ ತೆಗೆದುಕೊಳ್ಳೋಣ.

ಚಿಕ್ಕಮಗಳೂರು ಮತ್ತು ಆಗುಂಬೆ ಎರಡನ್ನೇ ಕೊಟ್ಟರೆ ಉಪಕರಣ ಖಂಡಿತ ಕಳಸದ ಕಡೆ ತಲೆ ಹಾಕುವುದಿಲ್ಲ. ಅದು ಸುತ್ತು ದಾರಿ. ಕುದುರೆಮುಖ ಪಟ್ಟಣವನ್ನು ಒಂದು ಬಿಂದುವಾಗಿ ಸೇರಿಸಿದರೆ ಸಾಕೇ? ಸಾಕಾಗುವುದಿಲ್ಲ. ಬಾಳೆಹೊನ್ನೂರಿನಿಂದ ಅಲ್ಲಿಗೆ ಹೋಗಲು ಅದು ತನಗೆ ಸರಿ ಕಂಡ ರಸ್ತೆ ಹುಡುಕುತ್ತದೆ. ನೀವು ಅಂದುಕೊಂಡ ರಸ್ತೆಯೇ ಅದಾಗಿರಬೇಕು ಅಂತೇನಿಲ್ಲ. ಹಾಗಾಗಿ ಬಾಳೆಹೊನ್ನೂರು ದಾಟಿ ಕಳಸದ ರಸ್ತೆಯಲ್ಲಿ ಒಂದೆರಡು ಕಿಲೋಮೀಟರ್ ಆದ ಮೇಲೆ ಒಂದು ಶೇಪಿಂಗ್ ಪಾಯಿಂಟ್ ಇಡಿ. ಕಳಸ ದಾಟಿ ಕುದುರೆಮುಖದ ರಸ್ತೆಗೆ ಬಿದ್ದ ಮೇಲೆ ಇನ್ನೊಂದು. ಎಸ್.ಕೆ. ಬಾರ್ಡರಿನಲ್ಲಿ ಒಂದು ರಸ್ತೆ ಮಾಳದ ಕಡೆಗೆ ಇಳಿದು ಕಾರ್ಕಳಕ್ಕೆ ಹೋಗುತ್ತದೆ, ಇನ್ನೊಂದು ಕೆರೆಕಟ್ಟೆಯ ಮೇಲೆ ಶೃಂಗೇರಿಗೆ. ಆ ಕವಲು ಬಿಟ್ಟು ಕೆರೆಕಟ್ಟೆಯ ಕಡೆ ಸ್ವಲ್ಪ ಮುಂದೆ ಮತ್ತೊಂದು.

ಇಲ್ಲಿ ಒಂದು ಕ್ರಮ ಗಮನಿಸಿದಿರಿ ಅಲ್ವಾ? ಬಿಂದುವನ್ನು ಕವಲಿನ ಮೇಲೆ ಇಡುತ್ತಿಲ್ಲ. ಕವಲು ದಾಟಿದ ಮೇಲೆ, ನಮಗೆ ಬೇಕಾದ ರಸ್ತೆಯ ಮೇಲೆ ಇಡುತ್ತಿದ್ದೇವೆ. ಕವಲಿನ ಮೇಲೆಯೇ ಇಟ್ಟರೆ ಉಪಕರಣ ಅಲ್ಲಿವರೆಗೆ ಬಂದು ಮತ್ತೆ ತನ್ನಿಷ್ಟದ ದಾರಿ ಹಿಡಿಯಬಹುದು. ಜೊತೆಗೆ ಕವಲಿನ ಮಧ್ಯ ಇಟ್ಟ ಬಿಂದು ನೀವು ಹೋಗದ ರಸ್ತೆಯ ಬಾಯಿಗೆ ಬಿದ್ದುಬಿಡುವ ಸಾಧ್ಯತೆ ಜಾಸ್ತಿ. ಊರೊಳಗೆ ಕವಲಿನಿಂದ 200–300 ಮೀಟರ್ ಆಚೆ ಇದ್ದರೂ ಸಾಕು. ಹೊರಗಡೆ ಆದರೆ ಇನ್ನೂ ದೂರ ಇಡಿ.

ಬಿಂದು ಇಡುವಾಗ ಮ್ಯಾಪನ್ನು ಪೂರ್ತಿ ಹಿಗ್ಗಿಸಿ ನೋಡಿ. ಇದು ಬಹಳ ಮುಖ್ಯ. ದೂರದಿಂದ ನೋಡಿದರೆ ರಸ್ತೆಯ ಮೇಲೆಯೇ ಇದ್ದ ಹಾಗೆ ಕಾಣುವ ಬಿಂದು, ಹತ್ತಿರದಿಂದ ನೋಡಿದರೆ ಯಾವುದೋ ಕಾಫಿ ತೋಟದ ಗೇಟಿನೊಳಗೆ ಇರುತ್ತದೆ. ಉಪಕರಣಕ್ಕೆ ಅದು ತೋಟದ ಗೇಟು ಅಂತ ಗೊತ್ತಿಲ್ಲ. ರಸ್ತೆಯಿಂದ ಒಳಗೆ 40 ಮೀಟರ್ ಹೋಗಿ ಬಿಂದು ಮುಟ್ಟಿ ವಾಪಸ್ ಬನ್ನಿ ಎನ್ನುತ್ತದೆ. ರೂಟಿನ ಗೆರೆಯಿಂದ ಸಣ್ಣ ಮುಳ್ಳಿನ ತರಹ ಒಂದು ಕಡ್ಡಿ ಹೊರಗೆ ಚಾಚಿರುವುದು ಕಂಡರೆ ಅದು ಇದೇ. ರೂಟ್ ಮುಗಿಸಿದ ಮೇಲೆ ಗೆರೆಯುದ್ದಕ್ಕೂ ನಿಧಾನವಾಗಿ ಸಾಗುತ್ತಾ ಈ ಮುಳ್ಳುಗಳನ್ನು ಹುಡುಕಿ, ಬಿಂದುವನ್ನು ಸರಿಯಾಗಿ ರಸ್ತೆಯ ಮೇಲಕ್ಕೆ ಎಳೆಯಿರಿ.

ನಾಲ್ಕು ಪಥದ ಹೆದ್ದಾರಿಯಲ್ಲಿ ಇನ್ನೂ ಎಚ್ಚರ ಬೇಕು. ಮಧ್ಯದ ಡಿವೈಡರಿನ ಆಚೆ, ಎದುರಿನಿಂದ ಬರುವ ಗಾಡಿಗಳ ಪಥದ ಮೇಲೆ ಬಿಂದು ಬಿದ್ದರೆ, ಮುಂದಿನ ಯು ಟರ್ನ್ ಹುಡುಕಿ ಹೋಗಿ, ಬಿಂದು ಮುಟ್ಟಿ, ಮತ್ತೆ ಯು ಟರ್ನ್ ಹೊಡೆದು ಬನ್ನಿ ಎನ್ನುತ್ತದೆ. ಆದಷ್ಟು ಮಟ್ಟಿಗೆ ಹೆದ್ದಾರಿಯ ಮೇಲೆ ಬಿಂದುವನ್ನೇ ಇಡಬೇಡಿ. ಹೆದ್ದಾರಿಯಲ್ಲಿ ಹೋಗಲು ಉಪಕರಣಕ್ಕೆ ಯಾರೂ ಒತ್ತಾಯ ಮಾಡಬೇಕಿಲ್ಲ, ಅದು ತಾನಾಗಿಯೇ ಹೋಗುತ್ತದೆ.

ಎಷ್ಟು ಬಿಂದು ಬೇಕು? ಲೆಕ್ಕಕ್ಕಿಂತ ಪ್ರಶ್ನೆ ಮುಖ್ಯ: "ಈ ಎರಡು ಬಿಂದುಗಳ ನಡುವೆ ಇದಕ್ಕಿಂತ ಬೇಗ ಹೋಗುವ ಬೇರೆ ರಸ್ತೆ ಇದೆಯೇ?" ಇದ್ದರೆ ಅಲ್ಲೊಂದು ಬಿಂದು ಬೇಕು. ಇಲ್ಲದಿದ್ದರೆ ಬೇಡ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಆದರೆ ಒಂದೂ ಬಿಂದು ಬೇಕಿಲ್ಲ. ಇರುವುದು ಅದೊಂದೇ ರಸ್ತೆ. ಊರೂರಿಗೂ ಕವಲು ಒಡೆಯುವ ಬಯಲುಸೀಮೆಯ ಹಳ್ಳಿ ರಸ್ತೆಗಳಲ್ಲಿ ಮಾತ್ರ ನಾಲ್ಕೈದು ಕಿಲೋಮೀಟರಿಗೊಂದು ಬೇಕಾಗಬಹುದು. ಕೆಲವು ಉಪಕರಣಗಳಲ್ಲಿ ಒಂದು ರೂಟ್‌ಗೆ ಇಷ್ಟೇ ಬಿಂದು ಎಂಬ ಮಿತಿಯೂ ಇದೆ. ಉದ್ದದ ರೈಡ್ ಆದರೆ ದಿನಕ್ಕೊಂದು ರೂಟ್ ಮಾಡಿ. ಆ ದಿನವೂ ಉದ್ದವಾಗಿದ್ದರೆ ಊಟದ ತನಕ ಒಂದು, ಊಟದ ನಂತರ ಒಂದು ಮಾಡಿ. ಬೆಳಗಿನ ಅರ್ಧದಲ್ಲಿ ಏನೇ ಗೊಂದಲವಾದರೂ ಮಧ್ಯಾಹ್ನ ಹೊಸ ರೂಟ್‌ನಿಂದ ನೆಮ್ಮದಿಯಾಗಿ ಶುರು ಮಾಡಬಹುದು.

ಯಾವುದರಲ್ಲಿ ಪ್ಲಾನ್ ಮಾಡುವುದು

ಬೇಸ್‌ಕ್ಯಾಂಪ್ ಪುಕ್ಕಟೆ. ಹಳೆಯ ಕಾಲದ್ದು, ಕಲಿಯಲು ತಾಳ್ಮೆ ಬೇಕು. ಆದರೆ ಒಂದು ದೊಡ್ಡ ಅನುಕೂಲ ಇದೆ: ಉಪಕರಣದಲ್ಲಿರುವ ಮ್ಯಾಪಿನ ಮೇಲೆಯೇ ಪ್ಲಾನ್ ಮಾಡಬಹುದು. ಮ್ಯಾಪ್ ಎರಡೂ ಕಡೆ ಒಂದೇ ಆದರೆ ಲೆಕ್ಕವೂ ಬಹುಪಾಲು ಒಂದೇ ಬರುತ್ತದೆ. ಕುರ್ವಿಗರ್, ಕ್ಯಾಲಿಮೋಟೊ, ಮೈರೂಟ್‌ಆ್ಯಪ್ ಇವೆಲ್ಲ ಬ್ರೌಸರಿನಲ್ಲೋ ಫೋನಿನಲ್ಲೋ ನಡೆಯುತ್ತವೆ, ಬಳಸಲು ಸುಲಭ. ಇವುಗಳಲ್ಲಿ ಬೈಕ್ ಸವಾರರಿಗಾಗಿ ತಿರುವು ಹೆಚ್ಚಿರುವ ರಸ್ತೆಯನ್ನೇ ಹುಡುಕಿಕೊಡುವ ಆಯ್ಕೆಯೂ ಸಿಗುತ್ತದೆ. ನಮ್ಮ ಘಟ್ಟದ ಕಡೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದು ತೋರಿಸಿದ ಸಣ್ಣ ರಸ್ತೆ ಡಾಂಬರಿನದೋ ಮಣ್ಣಿನದೋ ಅಂತ ಸ್ಯಾಟಲೈಟ್ ಚಿತ್ರದಲ್ಲಿ ನೋಡಿಕೊಳ್ಳದೆ ನಂಬಬೇಡಿ. ಮಳೆಗಾಲದಲ್ಲಂತೂ ಎಸ್ಟೇಟ್ ರಸ್ತೆ ಅಂದರೆ ಕೆಸರಿನ ಗದ್ದೆ.

ಮ್ಯಾಪಿಗೆ ಗೊತ್ತಿಲ್ಲದ, ನಿಮಗೆ ಗೊತ್ತಿರಲೇಬೇಕಾದ ವಿಷಯಗಳಿವೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶ ಇಲ್ಲ. ನಾವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಜಿಪಿಎಸ್‌ಗೆ ಒಂದು ಕಷ್ಟ ಇದೆ: ಸರ್ವಿಸ್ ರಸ್ತೆ, ಮುಖ್ಯ ಪಥ ಎರಡೂ ಒಂದಕ್ಕೊಂದು ತಾಗಿಕೊಂಡೇ ಇರುತ್ತವೆ, ಅದರ ಗುರಿಯಲ್ಲಿ ಕೆಲವು ಮೀಟರ್ ಆಚೀಚೆ ಇದ್ದೇ ಇರುತ್ತದೆ. ನೀವು ಸರ್ವಿಸ್ ರಸ್ತೆಯಲ್ಲಿದ್ದರೂ ಅದು ನಿಮ್ಮನ್ನು ಎಕ್ಸ್‌ಪ್ರೆಸ್‌ವೇ ಮೇಲೆ ತೋರಿಸಬಹುದು, ಮುಖ್ಯ ಪಥಕ್ಕೆ ಹತ್ತಿ ಅಂತಲೂ ಹೇಳಬಹುದು. ಅಲ್ಲಿ ಬೋರ್ಡ್ ನೋಡಿ, ಪರದೆ ನೋಡಬೇಡಿ. ಇನ್ನೂ ಚೆನ್ನಾದದ್ದು ಅಂದರೆ ಕನಕಪುರ, ಮಳವಳ್ಳಿ ಮೇಲೆ ಮೈಸೂರಿಗೆ ರೂಟ್ ಮಾಡುವುದು.

ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೂ ಹೀಗೇ, ಊಟಿಯ ಕಡೆಗೂ ಹೀಗೇ. ಊಟಿಯಿಂದ ವಾಪಸ್ ಬರುವ ದಿನದ ರೂಟ್ ಮಾಡುವಾಗ ಚೆಕ್‌ಪೋಸ್ಟಿಗೆ ತಲುಪುವ ಹೊತ್ತನ್ನು ಲೆಕ್ಕ ಹಾಕಿ. ಉಪಕರಣ ತೋರಿಸುವ ಸಮಯದಲ್ಲಿ ನಿಮ್ಮ ಟೀ, ಫೋಟೋ, ಪಂಕ್ಚರ್ ಸೇರಿರುವುದಿಲ್ಲ. ಘಟ್ಟದ ದಿನಕ್ಕೆ ಅದು ಹೇಳಿದ ಸಮಯದ ಮೇಲೆ ಕಾಲು ಭಾಗವಾದರೂ ಸೇರಿಸಿಕೊಳ್ಳುವುದು ಒಳ್ಳೆಯದು.

ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆಗೂ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್‌ಗಳಿವೆ. ಒಳಗೆ ನಿಲ್ಲುವಂತಿಲ್ಲ. ಆದ್ದರಿಂದ ಆ ಭಾಗದಲ್ಲಿ ವಯಾ ಪಾಯಿಂಟ್ ಇಡಲೇಬೇಡಿ, ಶೇಪಿಂಗ್ ಮಾತ್ರ ಸಾಕು. ಚಾರ್ಮಾಡಿ, ಶಿರಾಡಿ ಘಾಟಿಗಳು ಮಳೆಗಾಲದಲ್ಲಿ ಭೂಕುಸಿತದಿಂದ ಮುಚ್ಚುವುದುಂಟು. ಹೊರಡುವ ಹಿಂದಿನ ದಿನ ಪೇಪರ್ ನೋಡಿ, ಸಾಧ್ಯವಾದರೆ ಆ ಊರಿನವರಿಗೊಂದು ಫೋನ್ ಮಾಡಿ ಕೇಳಿ. ಇದರ ಜಾಗವನ್ನು ಯಾವ ಸಾಫ್ಟ್‌ವೇರೂ ತುಂಬುವುದಿಲ್ಲ.

ಉಪಕರಣಕ್ಕೆ ಕಳಿಸುವುದು

ಝೂಮೊ ಎಕ್ಸ್‌ಟಿಯನ್ನು ಯುಎಸ್‌ಬಿ ಕೇಬಲ್‌ನಿಂದ ಕಂಪ್ಯೂಟರಿಗೆ ಸೇರಿಸಿ. ವಿಂಡೋಸ್‌ನಲ್ಲಿ ಅದು ಫೋನಿನ ತರಹ ತೆರೆದುಕೊಳ್ಳುತ್ತದೆ. ಒಳಗಿನ ಸ್ಟೋರೇಜ್‌ನಲ್ಲಿ ಜಿಪಿಎಕ್ಸ್ ಹೆಸರಿನ ಫೋಲ್ಡರ್ ಇದೆ, ಫೈಲನ್ನು ಅದರೊಳಗೆ ಕಾಪಿ ಮಾಡಿ. ಮ್ಯಾಕ್ ಕಂಪ್ಯೂಟರ್ ಇದನ್ನು ತಾನಾಗಿ ತೋರಿಸುವುದಿಲ್ಲ. ಅದಕ್ಕೆ ಬೇರೆ ಪುಟ್ಟ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಕೇಬಲ್ ತಾಪತ್ರಯ ಬೇಡ ಅಂದರೆ ಗಾರ್ಮಿನ್‌ನ ಫೋನ್ ಆ್ಯಪ್ ಮೂಲಕವೂ ಕಳಿಸಬಹುದು.

ಇಷ್ಟಕ್ಕೇ ಮುಗಿಯಲಿಲ್ಲ. ಉಪಕರಣ ಆನ್ ಮಾಡಿ, ಟ್ರಿಪ್ ಪ್ಲಾನರ್‌ಗೆ ಹೋಗಿ ರೂಟನ್ನು ಇಂಪೋರ್ಟ್ ಮಾಡಿಕೊಳ್ಳಬೇಕು. ಟ್ರ್ಯಾಕ್‌ಗಳು ಬೇರೆ ಕಡೆ, ಟ್ರ್ಯಾಕ್ಸ್ ಎಂಬ ಆ್ಯಪಿನಲ್ಲಿ ಸಿಗುತ್ತವೆ. ಅಲ್ಲಿ ಬಣ್ಣ ಆರಿಸಿ, ಮ್ಯಾಪ್ ಮೇಲೆ ತೋರಿಸು ಎಂದು ಗುರುತು ಹಾಕಿ.

ಇಂಪೋರ್ಟ್ ಮಾಡಿದ ಕೂಡಲೇ ಎರಡು ಸಂಗತಿ ನೋಡಿ. ಮೊದಲನೆಯದು ಒಟ್ಟು ದೂರ. ಪ್ಲಾನ್ ಮಾಡಿದಾಗ ಸುಮಾರು 190 ಕಿಲೋಮೀಟರ್ ಬಂದಿದ್ದು ಇಲ್ಲಿ 120 ತೋರಿಸಿದರೆ ಒಂದು ಇಡೀ ಸುತ್ತು ಮಾಯವಾಗಿದೆ ಎಂದರ್ಥ. ಒಂದೆರಡು ಕಿಲೋಮೀಟರ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡನೆಯದು ಗೆರೆ. ಮ್ಯಾಪಿನಲ್ಲಿ ರೂಟ್ ತೆರೆದು, ಕೆಳಗಿರುವ ಟ್ರ್ಯಾಕಿನ ಬಣ್ಣ ಎಲ್ಲಾದರೂ ಹೊರಗೆ ಇಣುಕುತ್ತಿದೆಯೇ ನೋಡಿ. ಇಣುಕಿದ ಕಡೆ ಇನ್ನೊಂದು ಶೇಪಿಂಗ್ ಪಾಯಿಂಟ್ ಬೇಕು. ಕಂಪ್ಯೂಟರಿಗೆ ವಾಪಸ್ ಹೋಗಿ ಸೇರಿಸಿ, ಮತ್ತೆ ಕಳಿಸಿ. ಹತ್ತು ನಿಮಿಷದ ಕೆಲಸ. ಇದನ್ನು ಹಿಂದಿನ ರಾತ್ರಿ ಮಾಡಿದರೆ ಮರುದಿನ ರಸ್ತೆ ಬದಿಯಲ್ಲಿ ಹೆಲ್ಮೆಟ್ ತೆಗೆದು ನಿಲ್ಲುವುದು ತಪ್ಪುತ್ತದೆ.

ಟ್ರ್ಯಾಕನ್ನೇ ಟ್ರಿಪ್ ಆಗಿ ಬದಲಾಯಿಸುವ ಸೌಲಭ್ಯವೂ ಇದೆ. ಹಾಗೆ ಮಾಡಿದರೆ ಗೆರೆ ನೀವು ಎಳೆದ ಹಾಗೇ ಉಳಿಯುತ್ತದೆ, ತಿರುವುಗಳನ್ನೂ ಹೇಳುತ್ತದೆ. ಕೇಳಲು ಬಹಳ ಚೆನ್ನಾಗಿದೆ. ಆದರೆ ಅದರ ಮಧ್ಯದಲ್ಲಿ ಬಿಂದುಗಳೇ ಇರುವುದಿಲ್ಲ. ದಾರಿ ತಪ್ಪಿ ಉಪಕರಣ ಮತ್ತೆ ಲೆಕ್ಕ ಹಾಕಿತೋ, ನೇರ ಕೊನೆಯ ಜಾಗಕ್ಕೆ ಹತ್ತಿರದ ದಾರಿ ತೋರಿಸಿಬಿಡುತ್ತದೆ. ಇದನ್ನು ಬಳಸುವುದಾದರೆ ಮುಂದೆ ಹೇಳುವ ಮರುಲೆಕ್ಕದ ಸೆಟ್ಟಿಂಗನ್ನು ಆಫ್ ಮಾಡಿಯೇ ಬಳಸಿ.

ಹೊರಡುವ ಮುಂಚೆ ಸೆಟ್ಟಿಂಗ್

ಸೆಟ್ಟಿಂಗ್ಸ್‌ನಲ್ಲಿ ನ್ಯಾವಿಗೇಶನ್ ತೆರೆಯಿರಿ. ಆಫ್ ರೂಟ್ ರೀಕ್ಯಾಲ್ಕ್ಯುಲೇಶನ್ ಅಂತ ಇದೆ. ದಾರಿ ತಪ್ಪಿದಾಗ ಏನು ಮಾಡಬೇಕು ಅನ್ನುವ ತೀರ್ಮಾನ ಇದು. ಮೂರು ಆಯ್ಕೆ: ತಾನಾಗಿಯೇ ಮರುಲೆಕ್ಕ ಹಾಕುವುದು, ಕೇಳಿ ಹಾಕುವುದು, ಹಾಕದಿರುವುದು. ಪ್ಲಾನ್ ಮಾಡಿದ ದಾರಿಯಲ್ಲಿ ಹೋಗುವಾಗ ನನ್ನ ಸಲಹೆ, ಹಾಕದಿರುವುದು. ಆಗ ನೀವು ತಪ್ಪಿದರೂ ಗೆರೆ ಇದ್ದಲ್ಲೇ ಇರುತ್ತದೆ. ಮ್ಯಾಪ್ ನೋಡಿಕೊಂಡು ನೀವೇ ಅದಕ್ಕೆ ಹೋಗಿ ಸೇರುತ್ತೀರಿ, ಸೇರಿದ ಕೂಡಲೇ ಅದು ಮತ್ತೆ ಮಾತಾಡಲು ಶುರು ಮಾಡುತ್ತದೆ. ಗೊತ್ತಿಲ್ಲದ ದೊಡ್ಡ ಊರೊಳಗೆ ಮಾತ್ರ ಕೇಳಿ ಹಾಕುವ ಆಯ್ಕೆ ಒಳ್ಳೆಯದು. ತಾನಾಗಿ ಹಾಕುವ ಆಯ್ಕೆಯನ್ನು ಬೇಗ ಊರು ತಲುಪಬೇಕಾದ ದಿನಕ್ಕೆ ಇಟ್ಟುಕೊಳ್ಳಿ.

ಅಲ್ಲೇ ರೂಟ್ ಲೆಕ್ಕದ ಆಯ್ಕೆಯೂ ಇದೆ. ಬೇಗ ತಲುಪುವ ದಾರಿ ಎಂಬುದನ್ನೇ ಇಡಿ. ಕಡಿಮೆ ದೂರದ ದಾರಿ ಎಂದು ಕೊಟ್ಟರೆ ನೂರು ಮೀಟರ್ ಉಳಿಸಲು ಊರೊಳಗಿನ ಓಣಿಗಳಲ್ಲಿ ಸುತ್ತಿಸುತ್ತದೆ. ಸಾಹಸದ ದಾರಿ ಎಂಬ ಆಯ್ಕೆ ಸುಮ್ನೆ ತಿರುಗಾಡಲು ಚೆಂದ, ಆದರೆ ಪ್ಲಾನ್ ಮಾಡಿದ ರೂಟ್ ಇರುವಾಗ ಅದು ನಿಮ್ಮ ಯೋಜನೆಯ ಮೇಲೆ ತನ್ನ ಯೋಜನೆ ಹೇರುತ್ತದೆ. ಮುಖ್ಯವಾದದ್ದು, ಪ್ಲಾನ್ ಮಾಡಿದ ಕಡೆ ಯಾವ ಆಯ್ಕೆ ಇತ್ತೋ ಇಲ್ಲೂ ಅದೇ ಇರಬೇಕು. ಅಲ್ಲಿ ಟೋಲ್ ರಸ್ತೆ ಬೇಡ ಎಂದು ಮಾಡಿದ್ದು ಇಲ್ಲಿ ಬೇಕು ಎಂದಿದ್ದರೆ ಗೆರೆ ಬದಲಾಗದೆ ಇರುತ್ತದೆಯೇ?

ತಪ್ಪಿಸಬೇಕಾದವುಗಳ ಪಟ್ಟಿಯಲ್ಲಿ ಯು ಟರ್ನ್ ಗುರುತು ಹಾಕಿ. ಹೊರೆ ಹೊತ್ತ ಬೈಕನ್ನು ಘಾಟಿ ರಸ್ತೆಯಲ್ಲಿ ತಿರುಗಿಸಿ ಎಂದು ಹೇಳುವ ಯಂತ್ರ ಯಾರಿಗೂ ಬೇಡ. ಮಣ್ಣಿನ ರಸ್ತೆಯನ್ನೂ ಗುರುತು ಹಾಕಬಹುದು, ನೀವು ಬೇಕೆಂದೇ ಆ ರಸ್ತೆ ಆರಿಸಿರದಿದ್ದರೆ.

ಕರೆಂಟಿನ ವಿಷಯ ಚಿಕ್ಕದು. ಉಪಕರಣದ ವೈರನ್ನು ಫ್ಯೂಸ್ ಸಮೇತ, ಇಗ್ನಿಷನ್ ಆನ್ ಆದಾಗ ಮಾತ್ರ ಕರೆಂಟ್ ಬರುವ ಕಡೆಗೆ ಕೊಡಿಸಿ. ನೇರ ಬ್ಯಾಟರಿಗೆ ಕೊಟ್ಟು ರಾತ್ರಿ ಮರೆತರೆ ಬೆಳಗ್ಗೆ ಸೆಲ್ಫ್ ಸ್ಟಾರ್ಟ್ ಆಗದಿರಬಹುದು.

ಸ್ಟಾರ್ಟ್ ಒತ್ತುವಾಗ

ಟ್ರಿಪ್ ಆರಿಸಿ 'ಗೋ' ಒತ್ತಿದರೆ, ಮುಂದಿನ ಜಾಗ ಯಾವುದು ಎಂದು ಅದು ಒಂದು ಪಟ್ಟಿ ಕೊಟ್ಟು ಕೇಳುತ್ತದೆ. ಇಲ್ಲಿ ಅವಸರ ಬೇಡ. ಪಟ್ಟಿಯ ಮೊದಲ ಹೆಸರು ರೂಟಿನ ಆರಂಭದ ಜಾಗ. ರೂಟನ್ನು ಚಿಕ್ಕಮಗಳೂರು ಪೇಟೆಯಿಂದ ಮಾಡಿದ್ದೀರಿ, ಆದರೆ ಉಳಿದುಕೊಂಡಿರುವುದು ಆಲ್ದೂರಿನ ಹೋಮ್‌ಸ್ಟೇಯಲ್ಲಿ ಅಂದುಕೊಳ್ಳಿ. ಮೊದಲ ಹೆಸರನ್ನು ಒತ್ತಿದರೆ ಅದು ನಿಮ್ಮನ್ನು ಚಿಕ್ಕಮಗಳೂರಿಗೆ ವಾಪಸ್ ಕರೆದೊಯ್ದು ಅಲ್ಲಿಂದ ಶುರು ಮಾಡಿಸುತ್ತದೆ. ನಿಮ್ಮ ಮುಂದೆ ಇರುವ ಮೊದಲ ಜಾಗವನ್ನು ಆರಿಸಿ. ಮಧ್ಯದಲ್ಲಿ ಊಟಕ್ಕೆ ನಿಂತು ರೂಟ್ ನಿಲ್ಲಿಸಿ ಮತ್ತೆ ಶುರು ಮಾಡುವಾಗಲೂ ಇದೇ ಕ್ರಮ.

ಹೊಸ ಉಪಕರಣಗಳಲ್ಲಿ ಹತ್ತಿರದ ಕಡೆ ಸೇರಿಕೊಳ್ಳುವ ಆಯ್ಕೆಯೂ ಸಿಗುತ್ತದೆ. ಇದ್ದರೆ ಅದನ್ನೇ ಬಳಸಿ. ಒಂದೇ ಎಚ್ಚರಿಕೆ: ಹೋದ ರಸ್ತೆಯಲ್ಲೇ ವಾಪಸ್ ಬರುವ ರೂಟ್ ಆಗಿದ್ದರೆ, ಹತ್ತಿರದ ಕಡೆ ಅನ್ನುವುದು ವಾಪಸ್ ಬರುವ ಗೆರೆಯೂ ಆಗಿರಬಹುದು. ಸುತ್ತು ಹೊಡೆಯುವ ರೂಟ್‌ಗಳನ್ನು ಹೋಗುವುದು ಒಂದು, ಬರುವುದು ಒಂದು ಎಂದು ಎರಡು ಮಾಡಿಕೊಂಡರೆ ಈ ಗೊಂದಲ ಇರುವುದಿಲ್ಲ.

ರಸ್ತೆಯ ಮೇಲೆ

ಕಿವಿಗೆ ಕೆಲಸ ಕೊಡಿ, ಕಣ್ಣಿಗಲ್ಲ. ಹೆಲ್ಮೆಟ್ಟಿನ ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ತಿರುವು ಕೇಳಿಸಿದರೆ ಪರದೆಯನ್ನು ಆಗೊಮ್ಮೆ ಈಗೊಮ್ಮೆ, ಅದೂ ನೇರ ರಸ್ತೆಯಲ್ಲಿ ಮಾತ್ರ ನೋಡಿದರೆ ಸಾಕು. ಘಾಟಿಯಲ್ಲಿ ನೋಡಲೇಬೇಡಿ. ಬೆಟ್ಟದ ಗೋಡೆ, ದಟ್ಟ ಮರಗಳ ನಡುವೆ ಉಪಗ್ರಹದ ಸಿಗ್ನಲ್ ದುರ್ಬಲ ಆಗುವುದರಿಂದ ಹೇರ್‌ಪಿನ್‌ಗಳಲ್ಲಿ ನಿಮ್ಮ ಗುರುತು ಮೇಲಿನ ತಿರುವಿನಿಂದ ಕೆಳಗಿನ ತಿರುವಿಗೆ ಹಾರಿದಂತೆ ಕಾಣಬಹುದು. ಅಲ್ಲಿ ಅದಕ್ಕೆ ಹೇಳಲು ಏನೂ ಇರುವುದಿಲ್ಲ, ನಿಮಗೆ ನೋಡಲು ಎದುರಿನ ಬಸ್ಸಿದೆ.

ದಾರಿ ತಪ್ಪಿದರೆ? ಮೊದಲು ಸುರಕ್ಷಿತ ಜಾಗದಲ್ಲಿ ಪಕ್ಕಕ್ಕೆ ನಿಲ್ಲಿಸಿ. ಮ್ಯಾಪನ್ನು ಸ್ವಲ್ಪ ಕುಗ್ಗಿಸಿ ನೋಡಿ: ನೀವೆಲ್ಲಿ, ಟ್ರ್ಯಾಕಿನ ಗೆರೆ ಎಲ್ಲಿ. ಮುಂದೆ ಎಲ್ಲಾದರೂ ಆ ಗೆರೆಗೆ ಸೇರುವ ರಸ್ತೆ ಇದ್ದರೆ ಹಾಗೇ ಹೋಗಿ, ವಾಪಸ್ ಹೋಗಲೇಬೇಕು ಅಂತಿಲ್ಲ. ತಪ್ಪಿಸಿದ ಶೇಪಿಂಗ್ ಪಾಯಿಂಟ್ ತಾನಾಗಿ ಬಿಟ್ಟುಹೋಗುತ್ತದೆ. ತಪ್ಪಿಸಿದ್ದು ವಯಾ ಪಾಯಿಂಟ್ ಆಗಿದ್ದರೆ ಸ್ಕಿಪ್ ಒತ್ತಿ. ಈ ಸ್ಕಿಪ್ ಬಟನ್ನನ್ನು ಮ್ಯಾಪ್ ಪರದೆಯ ಮೇಲೆಯೇ ಕಾಣುವಂತೆ ಮೊದಲೇ ಇಟ್ಟುಕೊಳ್ಳಿ, ಮೆನುವಿನೊಳಗೆ ಹುಡುಕುವಂತಿರಬಾರದು. ಗ್ಲೌಸ್ ಹಾಕಿಕೊಂಡೇ ಮನೆಯ ಮುಂದೆ ಒಮ್ಮೆ ಒತ್ತಿ ನೋಡಿ.

ರಸ್ತೆ ಬಂದ್ ಆಗಿದ್ದರೆ ವಿಷಯ ಬೇರೆ. ಮರ ಬಿದ್ದಿದೆ, ಸೇತುವೆ ಕೆಲಸ ನಡೆದಿದೆ. ಆಗ ಸ್ವಲ್ಪ ಹೊತ್ತು ಮರುಲೆಕ್ಕವನ್ನು ಆನ್ ಮಾಡಿ, ಮುಚ್ಚಿದ ಭಾಗದ ಬಿಂದುಗಳನ್ನು ಸ್ಕಿಪ್ ಮಾಡುತ್ತಾ ಹೋಗಿ, ಆಚೆಯ ಮೊದಲ ಬಿಂದುವಿಗೆ ಅದು ಕೊಡುವ ದಾರಿ ನೋಡಿ. ಆ ದಾರಿ ಹಿಡಿಯುವ ಮುಂಚೆ ಅಲ್ಲಿರುವ ಅಂಗಡಿಯವರನ್ನೋ ಬಸ್ ಡ್ರೈವರನ್ನೋ ಒಂದು ಮಾತು ಕೇಳಿ. ಉಪಕರಣ ರಸ್ತೆ ಇದೆ ಎಂದು ಹೇಳಬಲ್ಲದು. ಅದರಲ್ಲಿ ಇವತ್ತು ಬೈಕ್ ಹೋಗುತ್ತದೆಯೇ ಎಂದು ಹೇಳಬಲ್ಲವರು ಅಲ್ಲಿಯವರೇ.

ಫೋನನ್ನೇ ಬಳಸುವವರಿಗೆ

ಗೂಗಲ್ ಮ್ಯಾಪ್ಸ್‌ನಲ್ಲಿ 2017ರಿಂದ ಭಾರತಕ್ಕೆಂದೇ ಬೈಕ್ ಮೋಡ್ ಇದೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಲು ಅದು ಚೆನ್ನಾಗಿದೆ. ಆದರೆ ಪ್ಲಾನ್ ಮಾಡಿದ ದಾರಿಯನ್ನು ಹಿಡಿದು ಹೋಗಲು ಅದನ್ನು ಮಾಡಿಲ್ಲ. ಜಿಪಿಎಕ್ಸ್ ಫೈಲ್ ಕೊಟ್ಟು ಅದರ ಮೇಲೆ ದಾರಿ ಹೇಳು ಎಂದರೆ ಆಗುವುದಿಲ್ಲ. ನಿಲುಗಡೆಗಳನ್ನು ಸೇರಿಸಬಹುದು, ಆದರೆ ಅವುಗಳಿಗೂ ಮಿತಿ ಇದೆ, ಎಲ್ಲವೂ ವಯಾ ಪಾಯಿಂಟ್ ತರಹವೇ ವರ್ತಿಸುತ್ತವೆ. ಕುದುರೆಮುಖದ ಒಳಗೆ ಮೊಬೈಲ್ ನೆಟ್‌ವರ್ಕ್ ಸಿಗುವುದೂ ಅಪರೂಪ, ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿರದಿದ್ದರೆ ಕಷ್ಟ.

ಇದಕ್ಕೆ ಆಸ್ಮ್ಯಾಂಡ್ ಎಂಬ ಆ್ಯಪ್ ಒಳ್ಳೆಯದು. ಕರ್ನಾಟಕದ ಮ್ಯಾಪನ್ನು ಫೋನಿಗೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಜಿಪಿಎಕ್ಸ್ ಫೈಲ್ ತೆರೆದು, ಟ್ರ್ಯಾಕನ್ನು ಅನುಸರಿಸು ಎಂದು ಕೊಟ್ಟರೆ ಆ ಗೆರೆಯ ಮೇಲೆಯೇ ತಿರುವುಗಳನ್ನು ಹೇಳುತ್ತದೆ. ಕುರ್ವಿಗರ್, ಕ್ಯಾಲಿಮೋಟೊಗಳ ಫೋನ್ ಆ್ಯಪ್‌ಗಳೂ ಈ ಕೆಲಸ ಮಾಡುತ್ತವೆ, ಕೆಲವು ಸೌಲಭ್ಯಕ್ಕೆ ದುಡ್ಡು ಕೊಡಬೇಕು.

ಫೋನನ್ನು ಹ್ಯಾಂಡಲ್‌ಬಾರಿಗೆ ಕಟ್ಟುವವರು ಒಂದು ವಿಷಯ ಗಮನಿಸಿ. ದೊಡ್ಡ ಎಂಜಿನ್ನಿನ ನಡುಕ ಫೋನ್ ಕ್ಯಾಮೆರಾವನ್ನು ಹಾಳು ಮಾಡಬಹುದು ಎಂದು ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಸಿಂಗಲ್ ಸಿಲಿಂಡರ್ ಬೈಕ್‌ಗಳೇ ಜಾಸ್ತಿ ಇರುವ ನಮ್ಮಲ್ಲಿ ಇದು ಸಣ್ಣ ಮಾತಲ್ಲ. ನಡುಕ ತಡೆಯುವ ರಬ್ಬರ್ ಡ್ಯಾಂಪರ್ ಇರುವ ಮೌಂಟನ್ನೇ ಕೊಳ್ಳಿ, ಅಥವಾ ಹಳೆಯ ಫೋನೊಂದನ್ನು ಈ ಕೆಲಸಕ್ಕೇ ಇಡಿ. ಬಿಸಿಲಿಗೆ ಫೋನ್ ಕಾದು ಪರದೆ ಮಂಕಾಗುವುದು, ಮಳೆ ಹನಿ ಬಿದ್ದು ತಾನೇ ಒತ್ತಿಕೊಳ್ಳುವುದು ಇದ್ದೇ ಇದೆ. ಹಾಗಾಗಿ ಹೆಡ್‌ಸೆಟ್ ಇಲ್ಲಿ ಇನ್ನೂ ಮುಖ್ಯ.

ಗುಂಪಿನಲ್ಲಿ ಹೋಗುವಾಗ

ಎಲ್ಲರಿಗೂ ಒಂದೇ ರೂಟ್ ಫೈಲ್ ಕಳಿಸಿದರೂ ಎಲ್ಲರ ಉಪಕರಣದಲ್ಲೂ ಒಂದೇ ದಾರಿ ಬರುತ್ತದೆ ಎಂಬ ಖಾತ್ರಿ ಇಲ್ಲ. ಒಬ್ಬೊಬ್ಬರ ಮ್ಯಾಪ್ ಬೇರೆ, ಸೆಟ್ಟಿಂಗ್ ಬೇರೆ. ಅದಕ್ಕೇ ಗುಂಪಿಗೆ ಟ್ರ್ಯಾಕ್ ಕಳಿಸುವುದನ್ನು ಮರೆಯಬೇಡಿ, ಜೊತೆಗೆ ನಿಲುಗಡೆಗಳ ಹೆಸರನ್ನು ಸಾದಾ ಮೆಸೇಜಿನಲ್ಲಿ ಬರೆದು ಹಾಕಿ: ತಿಂಡಿ ಎಲ್ಲಿ, ಪೆಟ್ರೋಲ್ ಎಲ್ಲಿ, ಊಟ ಎಲ್ಲಿ. ಕಾಡಿನ ರಸ್ತೆಗೆ ಇಳಿಯುವ ಮುಂಚೆ ಕಳಸದಲ್ಲಿ ಎಲ್ಲರೂ ಸೇರಿ, ಟ್ಯಾಂಕ್ ನೋಡಿಕೊಂಡು, ಮುಂದಿನ ಭೇಟಿ ಶೃಂಗೇರಿಯಲ್ಲಿ ಎಂದು ಬಾಯಲ್ಲೇ ಹೇಳಿಕೊಂಡು ಹೊರಡಿ.

ರೈಡ್ ಮುಗಿದ ಮೇಲೆ ಉಪಕರಣ ತಾನೇ ದಾಖಲಿಸಿದ ಟ್ರ್ಯಾಕನ್ನು ಉಳಿಸಿಕೊಳ್ಳಿ. ನೀವು ಪ್ಲಾನ್ ಮಾಡಿದ ಗೆರೆಯ ಮೇಲೆ ಅದನ್ನಿಟ್ಟು ನೋಡಿದರೆ ಎಲ್ಲಿ ಬಿಂದು ತಪ್ಪಿತ್ತು, ಎಲ್ಲಿ ರಸ್ತೆ ಬದಲಾಗಿತ್ತು ಅನ್ನುವುದು ತಿಳಿಯುತ್ತದೆ. ರೂಟನ್ನು ಆ ದಿನವೇ ತಿದ್ದಿ, ತಿಂಗಳು ಮತ್ತು ವರ್ಷದ ಸಮೇತ ಹೆಸರಿಟ್ಟು ಇಡಿ. ಮಲೆನಾಡಿನ ರಸ್ತೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬದಲಾಗಿರುತ್ತದೆ. ನಿಮ್ಮಿಂದ ಫೈಲ್ ಪಡೆಯುವವರಿಗೆ ಅದು ಯಾವಾಗಿನದು ಅಂತ ಗೊತ್ತಾಗಬೇಕು.